ಅಮ್ಮ ಹಾಕಿಸದ ಆಣೆ

ದೋಹಾದ ಅಂಚಿನ ಮುಐದರ್‌ನ ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಒಂದನ್ನು ತೆರೆಯುವಂತಿರಲಿಲ್ಲ, ಏಕೆಂದರೆ ಅದರಾಚೆ ಬೇರೆಯವರ ಮಂಚವಿತ್ತು. ಒಂದು ದೊಡ್ಡ ವಿಲ್ಲಾವನ್ನು ಅದರ ಯಜಮಾನ ಪ್ಲೈವುಡ್ಡಿನ ಗೋಡೆ ಹಾಕಿ ನಾಲ್ಕು ಸಂಸಾರಗಳಿಗೆ ಹಂಚಿಕೊಟ್ಟಿದ್ದ. ನಮ್ಮ ಪಾಲಿಗೆ ಬಂದದ್ದು ಒಂದು ಕಾಲಕ್ಕೆ ಅತಿಥಿಗಳನ್ನು ಕೂರಿಸುತ್ತಿದ್ದ ಮಜ್ಲಿಸಿನ ಅರ್ಧ, ಒಂದು ಮಲಗುವ ಕೋಣೆ, ಮತ್ತು ಅಂಗಳದ ಕಡೆಗೆ ತಗಡು ಇಳಿಸಿ ಆಮೇಲೆ ಕಟ್ಟಿದ ಅಡುಗೆಮನೆ. ಮಜ್ಲಿಸಿನ ಸೂರಿನ ನಡುವೆ ಗಾರೆಯಲ್ಲಿ ಮಾಡಿದ ದೊಡ್ಡ ಹೂವಿತ್ತು. ಪ್ಲೈವುಡ್ ಸರಿಯಾಗಿ ಅದರ ಮಧ್ಯದಲ್ಲೇ ಹಾದುಹೋಗಿದ್ದರಿಂದ ಅರ್ಧ ಹೂವು ನಮ್ಮದು, ಉಳಿದರ್ಧ ಪಕ್ಕದ ಮಲಯಾಳಿಗಳದ್ದು. ಅವರು ಮೀನು ಹುರಿದರೆ ನಮಗೆ ಗೊತ್ತಾಗುತ್ತಿತ್ತು, ನಾವು ಜಗಳವಾಡಿದರೆ ಅವರಿಗೆ ಗೊತ್ತಾಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಜಗಳ ಕಡಿಮೆ. ಅಪ್ಪ ಅಮ್ಮ ಇಬ್ಬರೂ ಮಾತಾಡದೆ ಇರುವುದರಲ್ಲಿ ನುರಿತವರು. ನನಗೆ ಆ ವಿದ್ಯೆ ಹತ್ತಲಿಲ್ಲ. ಈಗ ನಾನು ಇದೇ ದೋಹಾದ ಕಂಪನಿಯೊಂದರಲ್ಲಿ ಅಪಘಾತಗಳ ವರದಿ ಬರೆಯುತ್ತೇನೆ: ಯಾರು ಎಲ್ಲಿ ನಿಂತಿದ್ದರು, ಯಾರು ಏನೆಂದರು, ಯಾವುದು ಮೊದಲು, ಯಾವುದು ಆಮೇಲೆ. ಇದನ್ನೂ ಹೆಚ್ಚುಕಡಿಮೆ ಹಾಗೆಯೇ ಬರೆಯಲು ನೋಡುತ್ತೇನೆ.

ವಾರದ ಆರು ದಿನ ಆ ಅರ್ಧ ಮಜ್ಲಿಸಿನಲ್ಲಿ ನನ್ನ ಶಾಲೆಯ ಪುಸ್ತಕ, ಇಸ್ತ್ರಿಗೆ ಕಾದ ಬಟ್ಟೆ, ಕಿಟಕಿಯಲ್ಲಿ ಗುಡುಗುವ ಎಸಿ. ಶುಕ್ರವಾರ ಮಾತ್ರ ಅದು ರೇಸಿನವರದ್ದು. ಅಪ್ಪ ಒಂದು ಗ್ಯಾರೇಜಿನಲ್ಲಿ ಸ್ಟೋರ್‌ಕೀಪರ್. ಬೋಲ್ಟು, ಬೇರಿಂಗು, ಫಿಲ್ಟರುಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟು ಚೀಟಿ ಅಂಟಿಸುವ ಮನುಷ್ಯ. ಅವನನ್ನು ನೋಡಿದವರಿಗೆ ನಂಬಿಕೆ ಬರುವುದಿಲ್ಲ, ಆದರೆ ಊರಿನಲ್ಲಿದ್ದಾಗ, ಉಡುಪಿ ಮಂಗಳೂರಿನ ಆಸುಪಾಸಿನಲ್ಲಿ, ಅವನು ಮೋಟಾರ್ ಸೈಕಲ್ ರೇಸ್ ಓಡುತ್ತಿದ್ದ. ಡಾಂಬರು ರಸ್ತೆಯ ರೇಸಲ್ಲ. ಕೊಯ್ಲು ಮುಗಿದ ಗದ್ದೆಯಲ್ಲೋ ಕಾಲೇಜಿನ ಮೈದಾನದಲ್ಲೋ ಮೊಟ್ಟೆಯಾಕಾರದ ಮಣ್ಣಿನ ಹಾದಿ ಮಾಡಿ, ನಾಲ್ಕೈದು ಜನ ಒಟ್ಟಿಗೆ ಬಿಟ್ಟು ಸುತ್ತಿಸುವ ರೇಸು. ಬೈಕಿನ ಬ್ರೇಕುಗಳನ್ನು ಮೊದಲೇ ಕಳಚಿಡುತ್ತಿದ್ದರು, ಯಾಕೆಂದರೆ ಒಬ್ಬ ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಅವನ ಮೇಲೆ. ತಿರುವುಗಳೆಲ್ಲ ಎಡಕ್ಕೇ. ತಿರುವಿನಲ್ಲಿ ವೇಗ ತಗ್ಗಿಸದೆ, ಹಿಂದಿನ ಚಕ್ರವನ್ನು ಮಣ್ಣಿನಲ್ಲಿ ಜಾರಲು ಬಿಟ್ಟು, ಎಡಗಾಲನ್ನು ನೆಲಕ್ಕೆ ಒತ್ತಿ ದಾಟಬೇಕು. ಅದಕ್ಕಾಗಿ ಎಡಗಾಲಿನ ಶೂಗೆ ಆಚಾರಿಯ ಹತ್ತಿರ ಕಬ್ಬಿಣದ ಅಟ್ಟೆ ಬಡಿಸಿಕೊಳ್ಳುತ್ತಿದ್ದರು. ಈಗ ಆ ರೇಸುಗಳೂ ಇಲ್ಲ, ಆ ಗದ್ದೆಗಳಲ್ಲಿ ಮದುವೆ ಹಾಲ್‌ಗಳು ಎದ್ದಿವೆ. ಓಡಿದವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಗಲ್ಫ್ ಸೇರಿದರು. ಕತಾರಿಗೆ ಬಂದ ನಾಲ್ವರು ಪ್ರತಿ ಶುಕ್ರವಾರ ನಮ್ಮ ಮನೆಯ ಅರ್ಧ ಹೂವಿನ ಕೆಳಗೆ ಸೇರುತ್ತಿದ್ದರು.

ನಾಲ್ವರಲ್ಲಿ ಒಬ್ಬ ಅಪ್ಪ, ಅವರ ಬಾಯಲ್ಲಿ ಸದಾ. ಇನ್ನೊಬ್ಬ ದೂಮ ಮಾಮ, ಇಂಡಸ್ಟ್ರಿಯಲ್ ಏರಿಯಾದಲ್ಲಿ ವೆಲ್ಡಿಂಗ್ ಫೋರ್‌ಮನ್. ಮಾತು ಜಾಸ್ತಿ, ಊಟ ಅದಕ್ಕಿಂತ ಜಾಸ್ತಿ. ಮೂರನೆಯವನು ವಾಸು ಮಾಮ, ಶಾಲೆಯ ಬಸ್ಸು ಓಡಿಸುತ್ತಿದ್ದ. ದಿನವಿಡೀ ಮಕ್ಕಳ ಗಲಾಟೆ ಕೇಳಿ ಮಾತೇ ಮರೆತುಹೋಗಿದೆ ಎಂದು ಎಲ್ಲರೂ ಅವನನ್ನು ಕಾಡುತ್ತಿದ್ದರು. ನಾಲ್ಕನೆಯವನು ಗುರು ಮಾಮ, ಮೈಸೂರಿನಿಂದ ರೇಸಿಗೆಂದೇ ಬರುತ್ತಿದ್ದವನು, ಇಲ್ಲಿ ಗ್ಯಾಸ್ ಘಟಕಗಳ ರಾಸ್ ಲಫಾನ್‌ನಲ್ಲಿ ಆಫೀಸು ಕೆಲಸ, ಅಲ್ ಖೋರ್‌ನಲ್ಲಿ ವಾಸ. ಉಳಿದ ದಿನಗಳಲ್ಲಿ ಕಂಪನಿಯ ಬಸ್ಸಿನಲ್ಲಿ ಓಡಾಡುವ ಅವನು ಶುಕ್ರವಾರ ಮಾತ್ರ ತನ್ನ ಕಾರು ತೆಗೆದು, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಅಷ್ಟು ದೂರದಿಂದ ಬರುತ್ತಿದ್ದ. ಅವನಿಗೆ ತುಳು ಬಾರದು. ಹಾಗಾಗಿ ಉಳಿದ ದಿನ ತುಳುವಿನಲ್ಲಿ ನಡೆಯುತ್ತಿದ್ದ ನಮ್ಮ ಮನೆ ಶುಕ್ರವಾರ ಕನ್ನಡಕ್ಕೆ ತಿರುಗುತ್ತಿತ್ತು. ಅವನು ಮೀನೂ ತಿನ್ನುತ್ತಿರಲಿಲ್ಲ. ಅಮ್ಮ ಒಂದು ಒಲೆಯಲ್ಲಿ ಕೋಳಿ ಸಾರು, ಒಂದರಲ್ಲಿ ಮೀನು, ಮೂರನೆಯದರಲ್ಲಿ ಗುರು ಮಾಮನಿಗೆಂದು ಬೇಳೆ ಸಾರು ಇಡುತ್ತಿದ್ದಳು. ಬೆಳಗ್ಗೆ ಆರಕ್ಕೆ ಅಡುಗೆಮನೆಗೆ ಹೋದರೆ ಮಧ್ಯಾಹ್ನ ಎರಡರವರೆಗೆ ಅವಳು ಹೊರಗೆ ಬರುತ್ತಿರಲಿಲ್ಲ.

ಊಟ ನೆಲದಲ್ಲಿ, ಪ್ಲಾಸ್ಟಿಕ್ ಹಾಳೆ ಹಾಸಿ. ಊಟ ಮುಗಿದ ಮೇಲೆ ಹಾಳೆಯನ್ನು ಸುತ್ತಿ ಎಸೆಯುವುದು ಇಲ್ಲಿಯ ಪದ್ಧತಿ. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಒರೆಸಿ, ಅದರ ಮೇಲೆ ಪೆನ್ನಿನಿಂದ ಟ್ರ್ಯಾಕ್ ಬರೆಯುತ್ತಿದ್ದರು. ತಟ್ಟೆಯಲ್ಲಿದ್ದ ಖರ್ಜೂರದ ಬೀಜಗಳೇ ಬೈಕುಗಳು. ಎಲ್ಲರಿಗೂ ತಮ್ಮ ತಮ್ಮ ಬೀಜ ಗೊತ್ತು. ಹಳೆಯ ಒಂದು ರೇಸನ್ನು ಎತ್ತಿಕೊಂಡು, ಸುತ್ತು ಸುತ್ತಾಗಿ ಬೀಜಗಳನ್ನು ಸರಿಸಿ, ಯಾರು ಎಲ್ಲಿ ಒಳಗಿನಿಂದ ನುಗ್ಗಿದರು, ಯಾರು ಮಣ್ಣು ಹಾರಿಸಿದರು ಎಂದು ವಾದ ಮಾಡುತ್ತಿದ್ದರು. ನಾನು ಸ್ಟಾರ್ಟರ್. ಕರ್ಚೀಫ್ ಬೀಸಿದರೆ ರೇಸ್ ಶುರು. ಸಾಮಾನ್ಯವಾಗಿ ಅದು ಬಾವಿ ತಿರುವಿನ ಫೈನಲ್‌ನಲ್ಲಿ ಮುಗಿಯುತ್ತಿತ್ತು. ಅಮ್ಮನ ತವರಿನ ಬಳಿಯ ಗದ್ದೆಯಲ್ಲಿ ನಡೆದ ಆ ಫೈನಲ್‌ನಲ್ಲಿ ಅಪ್ಪ ಕೊನೆಯ ಸುತ್ತಿನವರೆಗೆ ಮುಂದಿದ್ದ. ಬಾವಿಯ ಪಕ್ಕದ ತಿರುವಿನಲ್ಲಿ ಇಂಜಿನ್ ಸೀಜ್ ಆಗಿ ಕಚ್ಚಿಕೊಂಡಿತು, ಹಿಂದಿದ್ದ ವಾಸು ಮಾಮ ದಾಟಿಹೋಗಿ ಕಪ್ ಗೆದ್ದ. ಅಪ್ಪ ಓಡಿದ ಕೊನೆಯ ರೇಸು ಅದೇ. "ಇಂಜಿನ್ ಕೈಕೊಡದಿದ್ರೆ ಸದಾನನ್ನು ಯಾರು ಹಿಡೀತಿದ್ರು ಮಾರಾಯ" ಎಂದು ದೂಮ ಮಾಮ ಹೇಳುವುದು, ಅಪ್ಪ ತನ್ನ ಬೀಜವನ್ನು ಕೈಗೆತ್ತಿಕೊಂಡು ಸುಮ್ಮನೆ ಉಜ್ಜುವುದು, ವಾಸು ಮಾಮ ಮಜ್ಜಿಗೆ ಕುಡಿಯುವುದು. ನನಗೆ ಇದು ಬೇಸರ ಬರಿಸಿದ ನೆನಪೇ ಇಲ್ಲ.

ಸಂಜೆ ಅಪ್ಪ ನಮ್ಮನ್ನು ಕಾರಿನಲ್ಲಿ ಸುತ್ತಾಡಿಸುತ್ತಿದ್ದ. ಆಗ ದೋಹಾದ ತುಂಬ ರೌಂಡ್‌ಅಬೌಟ್‌ಗಳು, ಈಗ ಬಹುಪಾಲು ಸಿಗ್ನಲ್‌ಗಳಾಗಿವೆ. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ, ಹಾಗಾಗಿ ವೃತ್ತವನ್ನು ಎಡಕ್ಕೆ ಸುತ್ತಬೇಕು, ಅವರ ಟ್ರ್ಯಾಕಿನ ಹಾಗೆಯೇ. ನಾಲ್ವರೂ ಕತಾರಿಗೆ ಬಂದ ಹೊಸತರಲ್ಲಿ ಡ್ರೈವಿಂಗ್ ಟೆಸ್ಟಿನಲ್ಲಿ ಒಂದೇ ಕಾರಣಕ್ಕೆ ಫೇಲಾದವರು. ರೌಂಡ್‌ಅಬೌಟ್‌ಗೆ ನುಗ್ಗಿ, ಒಳಗಿನ ಲೇನ್ ಹಿಡಿದು, ಹೊರಗೆ ಹೋಗುವುದನ್ನೇ ಮರೆತು ಮತ್ತೊಂದು ಸುತ್ತು ಹೊಡೆದದ್ದು. ದೂಮ ಮಾಮ ಮೂರು ಸುತ್ತು ಹೊಡೆದನಂತೆ. ಪಕ್ಕದಲ್ಲಿದ್ದ ಪೊಲೀಸು "ಖಲಾಸ್, ಖಲಾಸ್" ಎಂದು ಸ್ಟೇರಿಂಗಿಗೇ ಕೈಹಾಕಿದನಂತೆ. ನನ್ನ ಒತ್ತಾಯಕ್ಕೆ ಅಪ್ಪ ಆಗಲೂ ಎರಡು ಸುತ್ತು ಹೆಚ್ಚು ಹೊಡೆಯುತ್ತಿದ್ದ, ಆದರೆ ಬಹಳ ನಿಧಾನವಾಗಿ, ಹಿಂದಿನವರು ಹಾರ್ನ್ ಬಾರಿಸುವಷ್ಟು ನಿಧಾನವಾಗಿ. ಅಮ್ಮ ಮುಂದಿನ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದಳು.

ಅಪ್ಪ ಬೈಕು ಯಾಕೆ ಬಿಟ್ಟ ಎನ್ನುವುದಕ್ಕೆ ಎಲ್ಲರ ಹತ್ತಿರ ಒಂದೇ ಉತ್ತರವಿತ್ತು. ಅದನ್ನು ಕೊಟ್ಟವನು ಅಪ್ಪನೇ. "ಲಲಿತಾ ಆಣೆ ಹಾಕಿಸಿದ್ದಾಳೆ. ಇನ್ನು ಬೈಕಿಗೆ ಕಾಲು ಹಾಕುವ ಹಾಗಿಲ್ಲ." ಹೀಗೆಂದು ಅವನು ಕೈಚೆಲ್ಲಿದರೆ ಉಳಿದವರು ಅಡುಗೆಮನೆಯ ಕಡೆ ನೋಡಿ ನಗುತ್ತಿದ್ದರು. ಬ್ರೇಕ್ ಇಲ್ಲದ ಬೈಕಿಗೂ ಬ್ರೇಕ್ ಹಾಕಿದ ಅತ್ತಿಗೆ ಎಂದು ದೂಮ ಮಾಮ ಅವಳಿಗೆ ಹೆಸರಿಟ್ಟಿದ್ದ. ಅಮ್ಮ ಅನ್ನದ ಪಾತ್ರೆ ಹಿಡಿದು ಬಂದವಳು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿ ಹಿಂದೆ ಹೋಗುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟಿತ್ತು. ಅಪ್ಪನಂಥ ಅಪ್ಪನನ್ನು ಬೋಲ್ಟು ಎಣಿಸಲು ಕೂರಿಸಿದವಳು ಇವಳು ಎಂದು ನಾನು ತಿಳಿದಿದ್ದೆ.

ನನಗೆ ಹನ್ನೊಂದಾದ ವರ್ಷದ ಚಳಿಗಾಲದಲ್ಲಿ ದೂಮ ಮಾಮ ಪಿಕಪ್ಪಿನಲ್ಲಿ ಒಂದು ಕಬ್ಬಿಣದ ರಾಶಿ ತಂದು ನಮ್ಮ ಅಂಗಳದಲ್ಲಿ ಇಳಿಸಿದ. ಗುಜರಿಯಲ್ಲಿ ಸಿಕ್ಕಿದ ಹಳೆಯ ಬೈಕು, ಊರಿನಲ್ಲಿ ಅವರು ಓಡಿಸುತ್ತಿದ್ದ ಜಾತಿಯದ್ದೇ. ನೀರಿನ ಟ್ಯಾಂಕಿನ ಪಕ್ಕ ಅಮ್ಮನ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ, ಅಲ್ಲೊಂದು ಟಾರ್ಪಾಲು ಕಟ್ಟಿದರು. ಮೂರು ತಿಂಗಳು ಶುಕ್ರವಾರಗಳು ಅದರಲ್ಲೇ ಹೋದವು. ದೂಮ ಮಾಮ ಚೌಕಟ್ಟು ಬೆಸೆದ, ಗುರು ಮಾಮ ಕಾಗದದಲ್ಲಿ ಅಳತೆ ಬರೆದ, ವಾಸು ಮಾಮ ಇಂಜಿನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ, ಅಪ್ಪ ಎಲ್ಲೆಲ್ಲಿಂದಲೋ ಬಿಡಿಭಾಗ ಹುಡುಕಿ ತಂದ. ಖರ್ಜೂರದ ಬೀಜಗಳನ್ನು ಯಾರೂ ಮುಟ್ಟಲಿಲ್ಲ. ವಿಲ್ಲಾಗಳ ಹಿಂದೆ ಬಟಾಬಯಲು ಜಾಗವಿತ್ತು, ಅಲ್ಲಿ ಟ್ಯಾಂಕರಿನವನಿಗೆ ಹೇಳಿ ನೀರು ಬಿಡಿಸಿ ಒಂದು ಟ್ರ್ಯಾಕ್ ಹದ ಮಾಡುವುದೆಂದಾಯಿತು. ಯಾರು ಓಡಿಸುವುದು ಎಂಬ ಪ್ರಶ್ನೆ ಏಳಲೇ ಇಲ್ಲ. ಸದಾ ಇರುವಾಗ ಇನ್ನಾರು ಎಂಬುದು ಅವರ ಮಾತು. ಅಪ್ಪ ಪ್ರತಿ ಸಲವೂ ಆಣೆಯ ಮಾತೆತ್ತುತ್ತಿದ್ದ, ಅವರು ನೋಡುವ ನೋಡುವ ಎನ್ನುತ್ತಿದ್ದರು. ಬೈಕು ತಯಾರಾದಂತೆಲ್ಲ ಅಪ್ಪನ ಊಟ ಕಡಿಮೆಯಾಗುತ್ತ ಬಂತು. ಅದನ್ನು ನಾನು ಉತ್ಸಾಹ ಎಂದುಕೊಂಡಿದ್ದೆ. ಶಾಲೆಯಲ್ಲಿ ನನ್ನ ಬೆಂಚಿನವರಿಗೆಲ್ಲ ನಮ್ಮಪ್ಪ ರೇಸ್ ಓಡಿಸುತ್ತಾನೆ, ಬಂದು ನೋಡಿ ಎಂದು ಹೇಳಿಯೂ ಆಗಿತ್ತು.

ಒಂದು ಗುರುವಾರ ಅಮ್ಮ ಫ್ರೀಜರಿನ ತೆಂಗಿನ ತುರಿಯನ್ನು ಬಿಸಿನೀರಿನಲ್ಲಿ ಕರಗಿಸುತ್ತಿದ್ದಾಗ ನಾನು ಕೇಳಿಯೇಬಿಟ್ಟೆ.

"ಅಪ್ಪನ ಹತ್ರ ಯಾಕೆ ಆಣೆ ಹಾಕಿಸಿದ್ದು ನೀನು?"

"ನಾನಾ? ನಾನು ಯಾವ ಆಣೆಯೂ ಹಾಕಿಸ್ಲಿಲ್ಲ."

"ಅಪ್ಪ ಹೇಳ್ತಾರಲ್ಲ."

"ಅವರು ಹೇಳಿದ್ರು. ನಾನು ಇಲ್ಲ ಅನ್ಲಿಲ್ಲ. ಅಷ್ಟೇ." ತುರಿಯನ್ನು ಹಿಂಡಿ ಪಾತ್ರೆಗೆ ಹಾಕಿ ಹೇಳಿದಳು. "ಇದನ್ನು ಎಲ್ಲಿಯೂ ಆಡ್ಲಿಕ್ಕೆ ಹೋಗ್ಬೇಡ."

ಹನ್ನೊಂದು ವರ್ಷದವಳಿಗೆ ಆಡಬೇಡ ಎಂದದ್ದಕ್ಕಿಂತ ಆಣೆ ಇಲ್ಲ ಎಂದದ್ದು ದೊಡ್ಡದು. ನನ್ನ ತರ್ಕ ಬಹಳ ಸರಳವಾಗಿತ್ತು. ಆಣೆ ಇದೆ, ಆದ್ದರಿಂದ ಅಪ್ಪ ಓಡಿಸುವುದಿಲ್ಲ. ಆಣೆಯೇ ಇಲ್ಲವೆಂದಾದರೆ ಓಡಿಸುತ್ತಾನೆ. ಅಪ್ಪ ಯಾಕೆ ಇಲ್ಲದ ಆಣೆಯ ಮಾತಾಡುತ್ತಾನೆ ಎಂಬ ಕಡೆಗೆ ನನ್ನ ಯೋಚನೆ ಹೋಗಲೇ ಇಲ್ಲ. ಮರುದಿನ ಬೈಕಿಗೆ ಬಣ್ಣ ಬಳಿಯುತ್ತಿದ್ದ ದೂಮ ಮಾಮನ ಹತ್ತಿರ ಹೋಗಿ, ಅಮ್ಮ ಆಣೆ ಹಾಕಿಸಿಯೇ ಇಲ್ಲವಂತೆ, ಅಪ್ಪ ಓಡಿಸಬಹುದು ಎಂದೆ. ಅವನು ಬ್ರಶ್ಶು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದ. ಆಮೇಲೆ ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿ ಒಳಗೆ ಹೋದ.

ಆ ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಅವರೆಲ್ಲ ಅಡುಗೆಮನೆಯ ಬಾಗಿಲಿಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ಆ ಹೊಸ್ತಿಲಿನ ಹತ್ತಿರ ಬಂದದ್ದನ್ನು ನಾನು ನೋಡಿರಲಿಲ್ಲ. ಗುರು ಮಾಮನ ಕೈಯಲ್ಲಿ ಸಿಹಿತಿಂಡಿಯ ಡಬ್ಬಿಯಿತ್ತು. ಹೆಣ್ಣು ಕೇಳಲು ಬಂದವರ ಹಾಗೆ ಸಾಲಾಗಿ ನಿಂತಿದ್ದರು. ಅಪ್ಪ ಅವರೆಲ್ಲರ ಹಿಂದೆ, ಗ್ರೀಸು ಒರೆಸುವ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ನಿಂತಿದ್ದ.

"ಅತ್ಗೆ, ರೇಸ್ ಏನೂ ಓಡ್ಸಲ್ಲ ಕಣ್ರೀ. ಒಂದೇ ಒಂದ್ ರೌಂಡು. ನಾನ್ ಪಕ್ಕದಲ್ಲೇ ಇರ್ತೀನಿ," ಎಂದ ಗುರು ಮಾಮ.

"ಅದಲ್ಲ ಮಾತು," ಎಂದ ದೂಮ ಮಾಮ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಅತ್ತಿಗೆ, ಮಗು ಹೇಳ್ತದೆ, ನೀವು ಆಣೆ ಹಾಕಿಸ್ಲೇ ಇಲ್ಲಂತೆ. ಹೌದಾ? ಇಷ್ಟು ವರ್ಷ ಇವ ನಮ್ಮನ್ನು ಮಂಗ ಮಾಡಿದ್ದಾ? ನೀವು ಒಂದು ಹೇಳಿಬಿಡಿ. ಆಣೆ ಉಂಟಾ, ಇಲ್ವಾ?"

ಅಮ್ಮ ಒಲೆ ಆರಿಸಿದಳು. ಅಪ್ಪನ ಮುಖ ನೋಡಿದಳು. ನಾನೂ ನೋಡಿದೆ. ಗ್ಯಾರೇಜಿನಲ್ಲಿ ಸಾಮಾನು ಕಾಣೆಯಾಗಿ ಯಜಮಾನ ಕೇಳಲು ಬಂದಾಗ ಹೇಗಿರಬಹುದೋ ಹಾಗಿತ್ತು ಅವನ ಮುಖ. ಆಮೇಲೆ ಅಮ್ಮ ನನ್ನ ಕಡೆ ಒಮ್ಮೆ ನೋಡಿ, ಸೆರಗಿಗೆ ಕೈ ಒರೆಸಿಕೊಂಡು, ನಿಧಾನವಾಗಿ ಹೇಳಿದಳು.

"ಮಕ್ಕಳಿಗೆ ಎಂತ ಗೊತ್ತುಂಟು. ಆಣೆ ಉಂಟು. ನಮ್ಮ ಮನೆಯ ದೈವದ ಎದುರು ನಿಲ್ಲಿಸಿ ಹಾಕಿಸಿದ್ದು."

ದೂಮ ಮಾಮ ಒಂದು ಹೆಜ್ಜೆ ಹಿಂದೆ ಸರಿದ. ವಾಸು ಮಾಮ ನೆಲ ನೋಡಿದ. ನಮ್ಮ ಕಡೆಯವರಿಗೆ ಮನೆತನವನ್ನು ಕಾಯುವ ಭೂತ, ಅಂದರೆ ದೈವದ ಹೆಸರು ಬಂದ ಮೇಲೆ ಮಾತಿಲ್ಲ. ದೇವರ ಮೇಲೆ ಆಣೆ ಎಂದರೆ ಚೌಕಾಶಿಗೆ ಸ್ವಲ್ಪ ಜಾಗವಿರುತ್ತದೆ, ದೈವದ ಎದುರು ಆಡಿದ ಮಾತು ಹಾಗಲ್ಲ. ಗುರು ಮಾಮನಿಗೆ ಅದು ತಿಳಿಯದೆ, ಪೂಜೆ ಗೀಜೆ ಮಾಡಿಸಿ ಬಿಡಿಸಿಕೊಳ್ಳುವುದಕ್ಕೆ ಆಗುವುದಿಲ್ಲವೇ ಎಂದು ಕೇಳಿದ.

"ಇಲ್ಲ ಮಾರಾಯ. ದೈವದ ಮಾತು. ಖಲಾಸ್," ಎಂದ ದೂಮ ಮಾಮ. ನನ್ನ ತಲೆಯ ಮೇಲೆ ಕೈಯಿಟ್ಟು, "ಸುಳ್ಳು ಹೇಳಬಾರದು ಮಗಾ, ಅದರಲ್ಲೂ ಇಂಥ ವಿಷಯದಲ್ಲಿ," ಎಂದ.

ಅಪ್ಪ ಬಾಯಿ ತೆರೆದ. ನಾನು ಕಾದೆ.

"ಮಕ್ಕಳು ಎಂತದಾದ್ರೂ ಹೇಳ್ತಾರೆ," ಎಂದ ಅಪ್ಪ.

ಅವತ್ತು ನಾನು ಊಟ ಮಾಡಲಿಲ್ಲ. ಪ್ಲೈವುಡ್ಡಿನ ಗೋಡೆಗೆ ಬೆನ್ನು ಕೊಟ್ಟು ಮಲಗುವ ಕೋಣೆಯಲ್ಲಿ ಕೂತಿದ್ದೆ. ಹೊರಗೆ ಅವರು ಉಣ್ಣುತ್ತಿರುವ ಸದ್ದು ಕೇಳುತ್ತಿತ್ತು. ನನಗೆ ಅಪ್ಪ ಬೈಕು ಓಡಿಸದೆ ಹೋದದ್ದಕ್ಕಿಂತ, ಎಲ್ಲರ ಎದುರು ನನ್ನನ್ನು ಸುಳ್ಳಿ ಮಾಡಿದ್ದು ಹೆಚ್ಚು ಉರಿಯಿತು. ಅಮ್ಮ ಒಮ್ಮೆ ತಟ್ಟೆ ಹಿಡಿದು ಬಂದಳು, ನಾನು ಮುಖ ತಿರುಗಿಸಿದೆ, ತಟ್ಟೆಯನ್ನು ಅಲ್ಲೇ ಇಟ್ಟು ಹೋದಳು. ಆ ವಾರವಿಡೀ ನಾವು ಮೂವರೂ ಮಾತಾಡದೆ 'ಚೆನ್ನಾಗಿಯೇ' ಇದ್ದೆವು. ಸಕ್ಕರೆ ಎಲ್ಲಿ, ಇಸ್ತ್ರಿ ಆಯಿತೇ, ಬಸ್ಸು ಬಂತು. ಅಷ್ಟೇ ಮಾತು.

ದೇವರ ಫೋಟೋಗಳು ನಮ್ಮ ಅಡುಗೆಮನೆಯ ಸ್ಟೀಲು ಕಪಾಟಿನ ಮೇಲಿನ ಅರೆಯಲ್ಲಿದ್ದವು, ಬಾಗಿಲು ಹಾಕಿದರೆ ಹೊರಗಿನವರಿಗೆ ಕಾಣದ ಹಾಗೆ. ಶನಿವಾರ ಬೆಳಗ್ಗೆ ಅಮ್ಮ ತಲೆಗೆ ಮಿಂದು, ಬಿಳಿ ಬಟ್ಟೆಯ ತುಂಡನ್ನು ಅರಸಿನದ ನೀರಿನಲ್ಲಿ ಅದ್ದಿ, ಅದರಲ್ಲಿ ಊರಿನ ಒಂದು ರೂಪಾಯಿ ನಾಣ್ಯ ಕಟ್ಟಿ ಫೋಟೋದ ಎದುರು ಇಟ್ಟದ್ದನ್ನು ನಾನು ನೋಡಿದ್ದೆ. ಅಪ್ಪ ಅದನ್ನು ಗಮನಿಸಿದ್ದು ಗುರುವಾರ ಸಂಜೆ, ಊದುಬತ್ತಿ ಹುಡುಕುವಾಗ.

"ಇದೆಂತದು ಮುಡಿಪು?"

"ತಪ್ಪು ಕಾಣಿಕೆ," ಎಂದಳು ಅಮ್ಮ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಇಲ್ಲದ ಆಣೆಗೆ ದೈವದ ಹೆಸರು ತೆಗೆದೆ ಅಲ್ವಾ. ರಜೆಯಲ್ಲಿ ಊರಿಗೆ ಹೋದಾಗ ಹಾಕಿ, ತಪ್ಪಾಯ್ತು ಹೇಳಿ ಬರ್ಬೇಕು."

"ದೈವದ ಹೆಸರು ಯಾಕೆ ಹೇಳ್ಲಿಕ್ಕೆ ಹೋದದ್ದು ನೀನು?"

"ಬೇರೆ ಯಾರ ಹೆಸರು ಹೇಳಿದ್ರೂ ಅವರು ಬಿಡ್ತಿರ್ಲಿಲ್ಲ."

ಅಪ್ಪ ಊದುಬತ್ತಿ ಹಚ್ಚದೆ ಕಪಾಟು ಮುಚ್ಚಿದ. ಅಂಗಳಕ್ಕೆ ಹೋಗಿ ಬೈಕಿನ ಪಕ್ಕ ಒಂದು ಮಗುಚಿದ ಬಕೆಟ್ಟಿನ ಮೇಲೆ ಕೂತ. ಬೈಕಿಗೆ ಕಡುಗೆಂಪು ಬಣ್ಣ ಬಳಿದಾಗಿತ್ತು, ನೋಡಲು ಬಹಳ ಚೆನ್ನಾಗಿತ್ತು.

ಮರುದಿನ ಮೂವರೂ ಬಂದರು. ಬರುತ್ತಾರೋ ಇಲ್ಲವೋ ಎಂದಿದ್ದೆ, ಬಂದರು. ಊಟ ಮುಗಿಯಿತು, ಹಾಳೆ ಒರೆಸಿಯಾಯಿತು. ಎಷ್ಟೋ ವಾರಗಳ ಮೇಲೆ ಗುರು ಮಾಮ ಪೆನ್ನು ತೆಗೆದು ಟ್ರ್ಯಾಕ್ ಬರೆಯತೊಡಗಿದ, ಮನೆಯ ಬಿಗಿ ಸಡಿಲವಾಗಲಿ ಎಂದಿರಬೇಕು. ಬಾವಿ ತಿರುವಿನವರೆಗೆ ಬಂದಾಗ ಅಪ್ಪ ಅವನ ಕೈ ಹಿಡಿದ.

"ಆಣೆ ಇಲ್ಲ," ಎಂದ ಅಪ್ಪ. "ಇವಳು ಹಾಕಿಸ್ಲಿಲ್ಲ. ನಾನೇ ಕಟ್ಟಿದ ಕತೆ. ಮೊನ್ನೆ ಮಗು ಹೇಳಿದ್ದೇ ನಿಜ."

ಗುರು ಮಾಮ ಪೆನ್ನನ್ನು ಕೆಳಗಿಟ್ಟ.

"ಇಂಜಿನ್ನೂ ಸೀಜ್ ಆಗಿರ್ಲಿಲ್ಲ. ತಿರುವಿನಲ್ಲಿ ನಾನೇ ಎಕ್ಸಲರೇಟರ್ ಬಿಟ್ಟೆ. ಹೆದರಿಕೆ ಆಯ್ತು. ಅವತ್ತು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ. ಬೈಕಿನ ಮೇಲೆ ಕೂರ್ಲಿಕ್ಕೇ ಆಗುದಿಲ್ಲ ನಂಗೆ."

ದೂಮ ಮಾಮ ವಾಸು ಮಾಮನ ಕಡೆ ತಿರುಗಿದ. ಆ ಕಪ್ ಅವನ ಮನೆಯ ಟಿವಿಯ ಮೇಲಿತ್ತು, ನಾವೆಲ್ಲ ನೋಡಿದ್ದೆವು. ವಾಸು ಮಾಮ ಮಜ್ಜಿಗೆಯ ಲೋಟ ಕೆಳಗಿಟ್ಟ.

"ನಾನು ಹಿಂದೆಯೇ ಇದ್ದೆ," ಎಂದ. "ಸೀಜ್ ಆದ ಇಂಜಿನ್ ಹಾಗೆ ಶಬ್ದ ಮಾಡುದಿಲ್ಲ."

"ಗೊತ್ತಿದ್ದೂ ಇಷ್ಟು ವರ್ಷ ಹೇಳ್ಲಿಲ್ವಾ ನೀನು?"

"ಎಂತ ಹೇಳುದು? ಕಪ್ ಸಿಕ್ಕಿತಲ್ಲ ನಂಗೆ."

ಗುರು ಮಾಮ ನಗಲು ನೋಡಿ ಬಿಟ್ಟುಬಿಟ್ಟ. ದೂಮ ಮಾಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಅವನು ಅಪ್ಪನನ್ನು ತನ್ನ ಸ್ವಂತ ಬೈಕಿಗಿಂತ ಹೆಚ್ಚು ನಂಬಿದವನು. "ಹಾಗೆಲ್ಲ ಹೆದರುವ ಜನ ಅಲ್ಲ ನೀನು. ಅದೇ ತಿರುವು, ಅದಕ್ಕಿಂತ ಮೊದಲು ನೂರು ಸಲ ದಾಟಿದ್ದಿ. ಅವತ್ತು ಎಂತಕ್ಕೆ ಹೆದರಿಕೆ?" ಎಂದು ಮತ್ತೆ ಮತ್ತೆ ಕೇಳಿದ. ಅಪ್ಪ ಹಾಳೆಯ ಅಂಚನ್ನು ಮಡಚುತ್ತಿದ್ದ.

ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ.

"ಅವತ್ತು ನಾನು ಬಂದಿದ್ದೆ ರೇಸ್ ನೋಡ್ಲಿಕ್ಕೆ," ಎಂದಳು ಅಮ್ಮ. "ಬಾಣಂತನ ಮುಗಿದಿತ್ತಷ್ಟೆ. ಇವಳಿಗೆ ಮೂರು ತಿಂಗಳು. ಅಮ್ಮನಿಗೆ ಹೇಳದೆ ಎತ್ತಿಕೊಂಡು ಬಂದು ಬಾವಿಕಟ್ಟೆಯ ಹತ್ರ ನಿಂತಿದ್ದೆ. ಇವರು ತಿರುವಿಗೆ ಬಂದವರು ನಮ್ಮನ್ನು ಕಂಡ್ರು. ಕೈ ಬಿಟ್ರು."

ಅಪ್ಪ ತಲೆ ಎತ್ತಿದ. "ನಿಂಗೆ ಗೊತ್ತಿತ್ತಾ?"

"ನಾನು ಎದುರೇ ನಿಂತಿದ್ದೆ ಅಲ್ವಾ. ನಿಮ್ಮ ಕೈ ನೋಡಿದೆ."

ಮೂವರು ಗಂಡಸರೂ ಒಟ್ಟಿಗೆ ನನ್ನ ಕಡೆ ನೋಡಿದರು. ನಾನು ಕರ್ಚೀಫ್ ಹಿಡಿದು ಅವರ ನಡುವೆ ಕೂತಿದ್ದೆ. ಅಪ್ಪನ ಹೆದರಿಕೆಗೆ ಕಾರಣ ನಾನು ಎಂದು ತಿಳಿದಾಗ ನನಗೆ ಖುಷಿಯಾಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಆಗ ಆದದ್ದು ಅವಮಾನ. ಶಾಲೆಯಲ್ಲಿ ಹೇಳಿಕೊಂಡ ರೇಸು ಹೋಯಿತು, ಅದನ್ನು ಹಾಳು ಮಾಡಿದವಳೂ ನಾನೇ ಆದೆ, ಅದೂ ತೊಟ್ಟಿಲಲ್ಲಿರಬೇಕಾದ ವಯಸ್ಸಿನಲ್ಲಿ. ಪ್ರೀತಿ ಎಂಬುದು ಹೀಗೆ ಒಬ್ಬರ ಕೈಯನ್ನು ಸಡಿಲ ಮಾಡಬಹುದು ಎಂದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು, ಮತ್ತು ಅರ್ಥವಾದ ಮೇಲೂ ಆ ಅವಮಾನ ಪೂರ್ತಿ ಹೋಗಿಲ್ಲ.

ಆ ಬೈಕನ್ನು ಮುಂದೆ ಯಾರೂ ಓಡಿಸಲಿಲ್ಲ. ಸದಾ ಇಲ್ಲವಾದರೆ ನೀನು ಎಂದು ದೂಮ ಮಾಮ ವಾಸು ಮಾಮನಿಗೆ ಹೇಳಿದ, ವಾಸು ಮಾಮ ತನ್ನ ಬೆನ್ನುನೋವನ್ನು ತೋರಿಸಿದ. ಗುರು ಮಾಮನಿಗೆ ಕಂಪನಿಯ ಇನ್ಶೂರೆನ್ಸಿನ ತೊಡಕಿತ್ತಂತೆ. ದೂಮ ಮಾಮ ಒಂದು ಶುಕ್ರವಾರ ಅದರ ಮೇಲೆ ಕೂತು, ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಗುಡುಗಿಸಿ, ಹೊಟ್ಟೆ ಟ್ಯಾಂಕಿಗೆ ತಾಗುತ್ತದೆ ಎಂದು ಇಳಿದ. ಮೂರು ತಿಂಗಳು ಅಪ್ಪನನ್ನು ಪೀಡಿಸಿದ್ದು ಯಾಕೆಂದು ಆಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಾಗಿರಬೇಕು. ಬೇಸಗೆ ಬರುವ ಹೊತ್ತಿಗೆ ಒಬ್ಬ ಕತಾರಿ ಹುಡುಗ ಬಂದು ಅದನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋದ, ಅಮ್ಮ ಹಗ್ಗ ಕಟ್ಟಿ ಮತ್ತೆ ಬಟ್ಟೆ ಒಣಗಿಸಿದಳು.

ಆದರೆ ಇದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಸಂಜೆ ಅವರು ಹೋದ ನಂತರ ಅಪ್ಪ ಕೈಕಾಲು ತೊಳೆದು ಅಡುಗೆಮನೆಗೆ ಬಂದ. ಕಪಾಟಿನಿಂದ ಮುಡಿಪನ್ನು ತೆಗೆದು, ಗಂಟು ಬಿಚ್ಚಿ, ಅಮ್ಮನ ನಾಣ್ಯವನ್ನು ಅವಳ ಎದುರು ಹಿಡಿದ.

"ಇದು ನೀನು ತಕ್ಕೋ. ತಪ್ಪು ನಂದು, ನಂದೊಂದು ಹಾಕ್ತೇನೆ."

"ನಿಮ್ಮದು ನೀವು ಹಾಕಿ. ನಂದು ತೆಗೀಬೇಡಿ," ಎಂದಳು ಅಮ್ಮ. "ದೈವದ ಹೆಸರು ಹೇಳಿದ್ದು ನನ್ನ ಬಾಯಿ."

ಅಪ್ಪ ಎರಡನ್ನೂ ಇಟ್ಟು ಗಂಟು ಕಟ್ಟತೊಡಗಿದ. ನಾನು ಬಾಗಿಲಲ್ಲಿ ನಿಂತಿದ್ದೆ. ನಾನು ಬಾಯಿ ಬಿಡದಿದ್ದರೆ ಇದೇನೂ ಆಗುತ್ತಿರಲಿಲ್ಲ ಎಂಬುದು ಆ ವಾರದಲ್ಲಿ ನನಗೆ ತಿಳಿದಿತ್ತು. ಒಂದು ವಾರದ ಮೇಲೆ ಮೊದಲ ಬಾರಿ ನಾನಾಗಿ ಮಾತಾಡಿ, ನನ್ನದೂ ಒಂದು ಹಾಕಲಾ ಎಂದು ಕೇಳಿದೆ.

ಅಮ್ಮ ನನ್ನನ್ನು ನೋಡಿದಳು. ಅವಳು ಅಷ್ಟು ಹೊತ್ತು ನನ್ನನ್ನು ನೋಡಿದ್ದು ನನಗೆ ಬೇರೆ ನೆನಪಿಲ್ಲ.

"ನೀನು ಹೇಳಿದ್ದು ನಿಜ ಅಲ್ವಾ ಮಗಾ," ಎಂದಳು. "ನಿಜ ಹೇಳಿದ್ದಕ್ಕೆ ತಪ್ಪು ಕಾಣಿಕೆ ಇಡುವ ಕ್ರಮ ಇಲ್ಲ."

ಅದು ಹೊಗಳಿಕೆಯೋ ಬೈಗುಳವೋ ಎಂದು ಅವಳನ್ನು ನಾನು ಎಂದೂ ಕೇಳಲಿಲ್ಲ.